ಮುಳ್ಳು ಕುಣಿದರೆ ಪೈಪೂ ಕುಣಿಯುತ್ತದೆ

"ಸಾರ್, ಡೈ ಪ್ರೆಶರ್ ಎಷ್ಟಿರಬೇಕು?" ಈ ಒಂದು ಸಾಲಿನ ಪ್ರಶ್ನೆ ನನಗೆ ಆಗಾಗ ಬರುತ್ತಲೇ ಇರುತ್ತದೆ. ಕೇಳುವವರು ಹೆಚ್ಚಾಗಿ ಡಿಪ್ಲೊಮಾ ಮುಗಿಸಿ ಗುಜರಾತಿನ ಪೈಪ್ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋದ ನಮ್ಮ ಹುಡುಗರು. ಮೈಸೂರಿನ ಪ್ಲಾಸ್ಟಿಕ್ ತಾಂತ್ರಿಕ ಸಂಸ್ಥೆ ಸಿಪೆಟ್‌ನಲ್ಲಿ ಕಲಿತವರೂ ಅವರಲ್ಲಿದ್ದಾರೆ. ಇನ್ನೊಂದು ಬಗೆಯ ಪತ್ರ ರೈತರದ್ದು. ಒಂದೇ ಅಂಗಡಿಯಲ್ಲಿ, ಒಂದೇ ಕಂಪನಿಯ ಪೈಪು ತಂದರೂ ಒಂದು ಉದ್ದ ಗಟ್ಟಿ, ಪಕ್ಕದ್ದು ತೆಳು. ಮೋಟರು ಚಾಲೂ ಮಾಡಿದ ಕೂಡಲೇ ಉದ್ದಕ್ಕೆ ಸೀಳು ಬಿಟ್ಟಿತು. ಇದು ಯಾಕೆ ಎಂದು ಅವರು ಕೇಳುತ್ತಾರೆ. ಹುಡುಗರಿಗೂ ರೈತರಿಗೂ ತಿಳಿಯದ ಸಂಗತಿ ಏನೆಂದರೆ, ಇಬ್ಬರೂ ಕೇಳುತ್ತಿರುವುದು ಒಂದೇ ಪ್ರಶ್ನೆ. ಒಬ್ಬರು ಕಾರ್ಖಾನೆಯ ತುದಿಯಿಂದ ಕೇಳುತ್ತಾರೆ, ಇನ್ನೊಬ್ಬರು ಹೊಲದ ತುದಿಯಿಂದ.

ಹುಡುಗರ ಪ್ರಶ್ನೆಗೆ ನನ್ನ ಉತ್ತರ ಅವರಿಗೆ ಸಮಾಧಾನ ಕೊಡುವುದಿಲ್ಲ. ಡೈ ಪ್ರೆಶರ್, ಅಂದರೆ ಪೈಪಿಗೆ ಆಕಾರ ಕೊಡುವ ಅಚ್ಚಿನಲ್ಲಿ ಕರಗಿದ ಪ್ಲಾಸ್ಟಿಕ್ಕಿನ ಒತ್ತಡ, ಇಷ್ಟೇ ಇರಬೇಕು ಎಂಬ ಅಂಕಿ ಇಲ್ಲ. 180 ಬಾರ್‌ನಲ್ಲಿ ಒಳ್ಳೆಯ ಪೈಪು ಬರಬಹುದು, 260ರಲ್ಲೂ ಬರಬಹುದು. ಕೇಳಬೇಕಾದದ್ದು ಅದು ಎಷ್ಟಿದೆ ಎಂದಲ್ಲ, ಎಷ್ಟು ಅಲುಗುತ್ತಿದೆ ಎಂದು. ಅಲುಗುತ್ತಿದ್ದರೆ, ಅದಕ್ಕೆ ಕಾರಣ ಡೈಯಲ್ಲಿ ಸಿಗುವುದು ಬಹಳ ಅಪರೂಪ. ಹಿಂದಕ್ಕೆ ನಡೆದುಕೊಂಡು, ಮಾಲು ಸುರಿಯುವ ಹಾಪರ್‌ವರೆಗೂ ಹೋಗಬೇಕು.

ಈ ಮಾತಿಗೆ ಗುಜರಾತನ್ನೇ ಉದಾಹರಣೆಗೆ ತೆಗೆದುಕೊಳ್ಳುವುದಕ್ಕೆ ಕಾರಣ ಇದೆ. ಅಹಮದಾಬಾದಿನಿಂದ ವಡೋದರಾ, ಭರೂಚ್ ದಾಟಿ ಸೂರತ್‌ವರೆಗಿನ ಹೆದ್ದಾರಿಯ ಉದ್ದಕ್ಕೂ ಪ್ಲಾಸ್ಟಿಕ್ಕಿನ ಇಡೀ ಸಂಸಾರವೇ ಇದೆ. ವಡೋದರಾದ ಕೊಯಲಿಯಲ್ಲಿ 1965ರಲ್ಲಿ ತೈಲ ಶುದ್ಧೀಕರಣ ಘಟಕ ಶುರುವಾಯಿತು; ಅದರ ಮಗ್ಗುಲಲ್ಲೇ 1969ರಲ್ಲಿ ಸರ್ಕಾರಿ ಕಂಪನಿ ಐಪಿಸಿಎಲ್ ಹುಟ್ಟಿತು. 2002ರಲ್ಲಿ ಅದರ ಆಡಳಿತ ರಿಲಯನ್ಸ್ ಕೈಗೆ ಹೋಯಿತು, 2007ರಲ್ಲಿ ಕಂಪನಿಯೇ ಅದರಲ್ಲಿ ವಿಲೀನವಾಯಿತು. ಸೂರತ್ ಪಕ್ಕದ ಹಜೀರಾದಲ್ಲಿ ಪಿವಿಸಿ, ಪಾಲಿಇಥಿಲೀನ್ ಎರಡೂ ತಯಾರಾಗುತ್ತವೆ. ಕಚ್ಚಾ ಮಾಲು ಹೀಗೆ ಮನೆಬಾಗಿಲಲ್ಲಿ ಸಿಕ್ಕರೆ ಪೈಪ್ ಮಾಡುವವರು ಸುಮ್ಮನಿರುತ್ತಾರೆಯೇ? ವಟವಾ, ಓಢವ್, ನರೋಡಾ, ಮಕರ್‌ಪುರಾ, ವಾಘೋಡಿಯಾ, ಸಚಿನ್ ಎಂದು ಗುಜರಾತ್ ಸರ್ಕಾರದ ನಿಗಮ ಜಿಐಡಿಸಿಯ ಕೈಗಾರಿಕಾ ವಸಾಹತುಗಳಲ್ಲಿ ದೊಡ್ಡ ಹೆಸರಿನ ಕಾರ್ಖಾನೆಗಳೂ ಇವೆ, ಒಂದೇ ಶೆಡ್ಡಿನಲ್ಲಿ ಎರಡು ಲೈನ್ ಹಾಕಿಕೊಂಡ ಸಣ್ಣ ಶೇಠರೂ ಇದ್ದಾರೆ. ಪೈಪ್ ಮಾಡುವ ಯಂತ್ರಗಳೂ ಅಲ್ಲೇ ತಯಾರಾಗುತ್ತವೆ. ಅಹಮದಾಬಾದ್ ಸಮೀಪದ ಛತ್ರಾಲ್‌ನಲ್ಲಿ ಮಾಡುತ್ತಾರೆ, ಸೂರತ್ ಆಚೆ ದಮನ್‌ನಲ್ಲಿ ಮಾಡುತ್ತಾರೆ. ನಮ್ಮ ಹಾವೇರಿ, ಚಿತ್ರದುರ್ಗದ ಅಂಗಡಿಗಳಿಗೆ ಬರುವ ಪೈಪು ಬೆಂಗಳೂರಿನದೇ ಆಗಿದ್ದರೂ ಅದರ ರೇಸಿನ್ನೋ, ಅದನ್ನು ಮಾಡಿದ ಯಂತ್ರವೋ ಆ ಕಡೆಯಿಂದ ಬಂದಿರುವ ಸಾಧ್ಯತೆ ಸಾಕಷ್ಟಿದೆ.

ಯಂತ್ರದ ಒಳಗೆ ನಡೆಯುವುದನ್ನು ಶಾವಿಗೆ ಒರಳು ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನಿಂದ ಒತ್ತುವವರು ಬೇಕು, ಕೆಳಗೆ ತಡೆಯುವ ಬಿಲ್ಲೆ ಬೇಕು. ಒತ್ತಡ ಹುಟ್ಟುವುದು ಇವೆರಡರ ಜಗಳದಲ್ಲಿ. ಬಿಲ್ಲೆಯ ತೂತು ಸಣ್ಣದಾದರೆ, ಹಿಟ್ಟು ಆರಿ ಗಟ್ಟಿಯಾದರೆ, ಒತ್ತುವವರು ಅವಸರ ಮಾಡಿದರೆ ಕೈಗೆ ಬೀಳುವ ಭಾರ ಏರುತ್ತದೆ. ಪೈಪ್ ಯಂತ್ರದಲ್ಲಿ ಒತ್ತುವುದು ಬ್ಯಾರಲ್ಲಿನೊಳಗೆ ತಿರುಗುವ ಸ್ಕ್ರೂ. ಎಚ್‌ಡಿಪಿಇ ಎಂಬ ಪಾಲಿಇಥಿಲೀನಿಗೆ ಸಾಮಾನ್ಯವಾಗಿ ಒಂದೇ ಸ್ಕ್ರೂ, ಪಿವಿಸಿ ಪುಡಿಗೆ ಎದುರುಬದುರು ತಿರುಗುವ ಜೋಡಿ ಸ್ಕ್ರೂ. ತಡೆಯುವುದು ಡೈ: ಹೊರಗೊಂದು ಬುಶ್, ಒಳಗೊಂದು ಪಿನ್, ನಡುವೆ ಉಂಗುರದಂಥ ಸಂದು. ಕರಗಿದ ಮಾಲು ಆ ಸಂದಿನಿಂದ ಕೊಳವೆಯಾಗಿ ಹೊರಬಂದು, ನಿರ್ವಾತದ ತೊಟ್ಟಿಯಲ್ಲಿ ಸೈಜರ್ ಹಾಯ್ದು, ನೀರಿನಲ್ಲಿ ತಣಿದು, ಹಾಲ್‌ಆಫ್ ಎಂಬ ಎಳೆಯುವ ಯಂತ್ರದ ಹಿಡಿತಕ್ಕೆ ಸಿಗುತ್ತದೆ. ಇಡೀ ಲೈನಿನಲ್ಲಿ ಹೀಟರಿಗೆ ಗುಂಡಿ ಇದೆ, ಸ್ಕ್ರೂ ವೇಗಕ್ಕೆ ಗುಂಡಿ ಇದೆ, ಎಳೆಯುವ ವೇಗಕ್ಕೂ ಇದೆ. ಪ್ರೆಶರ್ ಎಂದು ಬರೆದ ಗುಂಡಿ ಮಾತ್ರ ಎಲ್ಲೂ ಇಲ್ಲ. ಅದನ್ನು ಯಾರೂ ಇಡುವುದಿಲ್ಲ, ಉಳಿದೆಲ್ಲ ಸೇರಿ ಹುಟ್ಟಿಸುತ್ತವೆ.

ಆ ಒತ್ತಡದ ಗಾತ್ರವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಪೈಪ್ ಡೈಗಳಲ್ಲಿ ಸಾಮಾನ್ಯವಾಗಿ 150ರಿಂದ 300 ಬಾರ್ ಇರುತ್ತದೆ. 300 ಮೀಟರ್ ಆಳದ, ಅಂದರೆ ನಮ್ಮ ಲೆಕ್ಕದ ಸಾವಿರ ಅಡಿಯ ಕೊಳವೆಬಾವಿಯಲ್ಲಿ ನೀರು ಅಂಚಿನವರೆಗೆ ತುಂಬಿದ್ದರೆ ತಳದಲ್ಲಿ ಬೀಳುವ ಒತ್ತಡ ಸುಮಾರು 30 ಬಾರ್. ಅದರ ಐದು, ಹತ್ತು ಪಟ್ಟು ಒತ್ತಡ ಆ ಕಬ್ಬಿಣದ ತಲೆಯೊಳಗೆ ಹಗಲೂ ರಾತ್ರಿ ಕೂತಿರುತ್ತದೆ. 15 ಸೆಂಟಿಮೀಟರ್ ಅಡ್ಡಳತೆಯ ಒಂದು ಫ್ಲೇಂಜ್ ಮೇಲೆ 250 ಬಾರ್ ಬಿದ್ದರೆ ಅದನ್ನು ಕೀಳಲು ನೋಡುವ ಬಲ ಸುಮಾರು 45 ಟನ್ ಆಗುತ್ತದೆ. ಬೋಲ್ಟುಗಳು ಅಷ್ಟು ದಪ್ಪ ಇರುವುದು ಚೆಂದಕ್ಕಲ್ಲ.

ಈಗ ಅಲುಗಾಟದ ಲೆಕ್ಕಕ್ಕೆ ಬರೋಣ. ಈ ಬರಹದ ತಿರುಳು ಇದೇ. ನೀರಿನಂಥ ದ್ರವವಾದರೆ ಸಣ್ಣ ಸಂದಿನಲ್ಲಿ ಒತ್ತಡ ಶೇ. 1 ಏರಿದಾಗ ಹರಿವೂ ಶೇ. 1 ಏರುತ್ತದೆ. ಕರಗಿದ ಪ್ಲಾಸ್ಟಿಕ್ಕಿನ ಗುಣ ಬೇರೆ. ಜೋರಾಗಿ ತಳ್ಳಿದಷ್ಟೂ ಅದು ತೆಳುವಾಗುತ್ತದೆ, ತೆಳುವಾದಷ್ಟೂ ಇನ್ನೂ ಸಲೀಸಾಗಿ ಹರಿಯುತ್ತದೆ. ಹಾಗಾಗಿ ಒತ್ತಡದಲ್ಲಿ ಶೇ. 1ರ ಬದಲಾವಣೆಗೆ ಹರಿವಿನಲ್ಲಿ ಶೇ. 2ರಿಂದ 3 ಬದಲಾವಣೆ ಕಾಣುತ್ತದೆ. ಪಿವಿಸಿ ಡೈ ಗೋಡೆಗೆ ಅಂಟದೆ ಸ್ವಲ್ಪ ಜಾರುವುದರಿಂದ ಅದರ ಲೆಕ್ಕ ತುಸು ಬೇರೆ, ಆದರೂ ದಿಕ್ಕು ಅದೇ. 200 ಬಾರ್‌ನಲ್ಲಿ ಪ್ರೆಶರ್ ಮೀಟರಿನ ಮುಳ್ಳು 4 ಬಾರ್ ಆಚೀಚೆ ಆಡುತ್ತಿದ್ದರೆ ಆಪರೇಟರಿಗೆ ಅದು ಲೆಕ್ಕಕ್ಕೇ ಇಲ್ಲದ ಸಂಗತಿ. ಪೈಪಿಗೆ ಮಾತ್ರ ಅದು ಮೇಲೆ ಶೇ. 5, ಕೆಳಗೆ ಶೇ. 5. ಎಳೆಯುವ ಯಂತ್ರ ಒಂದೇ ವೇಗದಲ್ಲಿ ಎಳೆಯುತ್ತಿರುವಾಗ ಒಳಗಿನಿಂದ ಬರುವ ಮಾಲು ಏರಿಳಿದರೆ ಆ ವ್ಯತ್ಯಾಸ ಹೋಗಿ ಕೂರುವುದು ಗೋಡೆಯ ದಪ್ಪದಲ್ಲಿ. ಯಾಕೆಂದರೆ ಹೊರ ಅಳತೆಯನ್ನು ಸೈಜರ್ ಹಿಡಿದಿಟ್ಟಿರುತ್ತದೆ. ಹೊರಗಿನಿಂದ ನೋಡಿದರೆ ಪೈಪಿನಲ್ಲಿ ಏನೂ ಕಾಣುವುದಿಲ್ಲ.

110 ಮಿಲಿಮೀಟರ್ ಪಿವಿಸಿ ಪೈಪನ್ನೇ ತೆಗೆದುಕೊಳ್ಳಿ. ಗೋಡೆ 4 ಮಿಲಿಮೀಟರ್ ಇದ್ದರೆ 6 ಮೀಟರ್ ಉದ್ದದ ತೂಕ ಸುಮಾರು ಹನ್ನೊಂದೂವರೆ ಕಿಲೋ. ಗೋಡೆ 0.2 ಮಿಲಿಮೀಟರ್ ಹೆಚ್ಚಾದರೆ ತೂಕ ಅರ್ಧ ಕಿಲೋಗಿಂತ ಜಾಸ್ತಿ ಏರುತ್ತದೆ. ಪಿವಿಸಿ ನೀರಿನ ಪೈಪಿಗೆ ಐಎಸ್ 4985, ಪಾಲಿಇಥಿಲೀನ್ ನೀರಿನ ಪೈಪಿಗೆ ಐಎಸ್ 4984 ಎಂಬ ಮಾನದಂಡಗಳಿವೆ. ಇಷ್ಟಕ್ಕಿಂತ ತೆಳುವಾಗುವ ಹಾಗಿಲ್ಲ ಎಂದು ಅವು ಗೆರೆ ಎಳೆದಿವೆ. ಒತ್ತಡ ಕುಣಿಯುವ ಕಾರ್ಖಾನೆಗೆ ಆಗ ಎರಡು ದಾರಿ. ಪ್ರಾಮಾಣಿಕ ಶೇಠ್ ತಗ್ಗಿನ ಜಾಗವೂ ಆ ಗೆರೆಯ ಮೇಲೆಯೇ ಇರಲಿ ಎಂದು ಇಡೀ ಪೈಪನ್ನು ದಪ್ಪ ಮಾಡುತ್ತಾನೆ. ಗಂಟೆಗೆ 300 ಕಿಲೋ ಓಡುವ ಲೈನಿನಲ್ಲಿ ಶೇ. 3 ಹೆಚ್ಚು ಮಾಲು ಎಂದರೆ ದಿನಕ್ಕೆ 216 ಕಿಲೋ. ಕಿಲೋಗೆ 80 ರೂಪಾಯಿ ಎಂದು ಹಿಡಿದರೂ 17 ಸಾವಿರ ರೂಪಾಯಿ ಮೀರಿತು; ಅದನ್ನು ಅವನು ಪ್ರತಿದಿನ ಗಿರಾಕಿಗೆ ಪುಕ್ಕಟೆ ಕೊಡುತ್ತಿರುತ್ತಾನೆ. ಇನ್ನೊಬ್ಬ ಸರಾಸರಿಯನ್ನು ಗೆರೆಯ ಮೇಲೆ ಇಡುತ್ತಾನೆ. ಆಗ ತಗ್ಗಿನ ಜಾಗಗಳು ಗೆರೆಯ ಕೆಳಗೆ ಇಳಿಯುತ್ತವೆ. ನಮ್ಮ ರೈತನ ಕೈಗೆ ಬಂದದ್ದು ಅಂಥ ಪೈಪು ಇರಬಹುದು.

ಇಲ್ಲಿ ಒಂದು ಮಾತನ್ನು ಬೇರ್ಪಡಿಸಿ ಹೇಳಬೇಕು. ಪೈಪಿನ ಒಂದೇ ತುದಿಯಲ್ಲಿ ಒಂದು ಮಗ್ಗುಲು ದಪ್ಪ, ಎದುರಿನ ಮಗ್ಗುಲು ತೆಳು ಇದ್ದರೆ ಅದು ಒತ್ತಡದ ತಪ್ಪಲ್ಲ. ಡೈ ಸೆಂಟರ್ ತಪ್ಪಿದೆ, ಸುತ್ತಲಿನ ಬೋಲ್ಟ್ ತಿರುಗಿಸಿ ಸರಿಮಾಡಬೇಕು ಎಂದು ಅರ್ಥ. ಸಂದು ಎಲ್ಲಿ ಕೂದಲೆಳೆಯಷ್ಟು ಹೆಚ್ಚು ಅಗಲವೋ ಅಲ್ಲಿ ಮಾಲು ಬಹಳ ಹೆಚ್ಚು ನುಗ್ಗುತ್ತದೆ. ಉದ್ದದುದ್ದಕ್ಕೆ, ಅಥವಾ ಒಂದು ಉದ್ದಕ್ಕೂ ಇನ್ನೊಂದಕ್ಕೂ ದಪ್ಪ ಬದಲಾಗುತ್ತಿದ್ದರೆ ಮಾತ್ರ ಪ್ರೆಶರ್ ಕಡೆ ನೋಡಿ.

ನೋಡುವುದು ಹೇಗೆ? ಈ ವಿಷಯದಲ್ಲಿ ನನಗೆ ಪಾಠ ಹೇಳಿದ್ದು ಪುಸ್ತಕಕ್ಕಿಂತ ಹೆಚ್ಚಾಗಿ ವಟವಾದ ಒಬ್ಬ ಹಿರಿಯ ಆಪರೇಟರ್. ಅವರು ಮುಳ್ಳಿನ ಅಂಕಿ ನೋಡುತ್ತಲೇ ಇರಲಿಲ್ಲ. ಕೈಗಡಿಯಾರ ಮುಂದಿಟ್ಟುಕೊಂಡು ಮುಳ್ಳು ಎಷ್ಟು ಹೊತ್ತಿಗೊಮ್ಮೆ ಏರಿ ಇಳಿಯುತ್ತದೆ ಎಂದು ಎಣಿಸುತ್ತಿದ್ದರು. "ಸಾಹೇಬ್, ಕಿತನಾ ಮತ್ ದೇಖೋ, ಕಬ್ ಕಬ್ ದೇಖೋ" ಎನ್ನುವುದು ಅವರ ಹಿಂದಿ; ಎಷ್ಟು ಎಂದು ನೋಡಬೇಡಿ, ಯಾವಾಗ ಯಾವಾಗ ಎಂದು ನೋಡಿ ಎಂದರ್ಥ. ಈಗ ಮುಳ್ಳು ಹೋಗಿ ಪರದೆಯ ಮೇಲೆ ಗೆರೆ ಬಂದಿದೆ, ವಿದ್ಯೆ ಅದೇ. ಸ್ಕ್ರೂ ನಿಮಿಷಕ್ಕೆ 30 ಸುತ್ತು ತಿರುಗುತ್ತಿದ್ದು, ಗೆರೆ 2 ಸೆಕೆಂಡಿಗೊಮ್ಮೆ ಸಣ್ಣಗೆ ಮಿಡಿದರೆ ಅದು ಸ್ಕ್ರೂ ಸುತ್ತಿನ ಮಿಡಿತ. ಚಿಕ್ಕದಿದ್ದರೆ ಬಿಟ್ಟುಬಿಡಬಹುದು, ದೊಡ್ಡದಾದರೆ ಬಾಯಿಯಲ್ಲಿ ಮಾಲು ಸರಿಯಾಗಿ ಕಚ್ಚುತ್ತಿಲ್ಲ. ಹತ್ತು ಸೆಕೆಂಡಿನಿಂದ ಒಂದು ನಿಮಿಷದೊಳಗೆ ಅಲೆ ಬರುತ್ತಿದ್ದರೆ ಸಾಮಾನ್ಯವಾಗಿ ಸ್ಕ್ರೂ ಒಳಗೆ ಕರಗದ ಮಾಲಿನ ಗಡ್ಡೆ ಒಡೆದು ಮುಂದೆ ನುಗ್ಗುತ್ತಿದೆ, ಇಲ್ಲವೇ ಹಾಪರಿನಲ್ಲಿ ಪುಡಿ ಕಮಾನು ಕಟ್ಟಿಕೊಂಡು ನಿಂತು ನಿಂತು ಬೀಳುತ್ತಿದೆ. ಕೆಲವು ನಿಮಿಷಗಳ ನಿಧಾನದ ಅಲೆಯಾದರೆ ಹೀಟರುಗಳ ಕಡೆ ಹೋಗಬೇಕು; ಯಾವುದೋ ಒಂದು ಜೋನ್ ಹತ್ತುತ್ತ ಆರುತ್ತ ಆಟ ಆಡುತ್ತಿರುತ್ತದೆ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಎಂದರೆ ತಣಿಸುವ ನೀರು, ವೋಲ್ಟೇಜು, ಗಾಳಿಯ ಬಿಸಿ. ಇಳಿಯದೆ ಗಂಟೆಗಟ್ಟಲೆ ಏರುತ್ತಲೇ ಹೋದರೆ, ಡೈಗೆ ಮುಂಚೆ ಕಸ ಸೋಸುವ ಜಾಲರಿ ಕಟ್ಟಿಕೊಳ್ಳುತ್ತಿದೆ. ಏರಿ ಏರಿ ಒಮ್ಮೆಲೇ ದೊಪ್ಪನೆ ಬಿದ್ದರೆ ಜಾಲರಿ ಹರಿಯಿತು. ತಡೆದಿಟ್ಟಿದ್ದ ಕಸವೆಲ್ಲ ಪೈಪಿನೊಳಗೆ ಸೇರಿತು.

ಪ್ರೆಶರ್ ಒಂದನ್ನೇ ಓದಿದರೆ ಮೋಸ ಹೋಗುವುದುಂಟು. ಮೋಟರಿನ ಆಂಪಿಯರ್ ಮತ್ತು ಕರಗಿದ ಮಾಲಿನ ತಾಪಮಾನ, ಇವೆರಡನ್ನೂ ಜೊತೆಗಿಟ್ಟುಕೊಳ್ಳಬೇಕು. ಪ್ರೆಶರ್, ಆಂಪ್ ಎರಡೂ ಏರಿದರೆ ಮಾಲು ತಣ್ಣಗಿದೆ ಅಥವಾ ಮಾಲೇ ಬದಲಾಗಿದೆ: ಹೊಸ ಗ್ರೇಡು, ಹೊಸ ಬ್ಯಾಚು, ಲೂಬ್ರಿಕೆಂಟ್ ಕಡಿಮೆ ಬಿದ್ದ ಮಿಕ್ಸಿಂಗು. ಎರಡೂ ಇಳಿದರೆ ಸ್ಕ್ರೂಗೆ ತಿನ್ನಲು ಸಿಗುತ್ತಿಲ್ಲ. ಆಂಪ್ ಇದ್ದಲ್ಲೇ ಇದ್ದು ಪ್ರೆಶರ್ ಮಾತ್ರ ನಿಧಾನವಾಗಿ ಏರಿದರೆ ಮೊದಲು ಜಾಲರಿಯನ್ನೇ ಅನುಮಾನಿಸಿ. ನಾನು ನೋಡಿದ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇದ್ಯಾವುದೂ ಅಲ್ಲ. ಪ್ರೆಶರ್ ಏರಿತು ಎಂದ ಕೂಡಲೇ ಆಪರೇಟರ್ ಡೈ ಹೀಟರನ್ನು ಹತ್ತು ಡಿಗ್ರಿ ಏರಿಸುತ್ತಾನೆ. ಅಂಕಿ ಇಳಿಯುತ್ತದೆ, ಅವನಿಗೂ ಸಮಾಧಾನ, ಶಿಫ್ಟೂ ಮುಗಿಯಿತು. ರೋಗ ಹಾಗೇ ಇದೆ. ಎಚ್‌ಡಿಪಿಇ ಬಿಸಿಗೆ ಅಷ್ಟಾಗಿ ಬಗ್ಗುವ ಮಾಲೂ ಅಲ್ಲ, ಅದು ಬಗ್ಗುವುದು ವೇಗಕ್ಕೆ. ಪಿವಿಸಿ ಬಿಸಿಗೆ ಬಗ್ಗುತ್ತದೆ ನಿಜ. 200 ಡಿಗ್ರಿ ದಾಟಿ ಹೆಚ್ಚು ಹೊತ್ತು ನಿಂತರೆ ಕೆಂಚಗಾಗಿ, ಕಪ್ಪಾಗಿ, ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬಿಟ್ಟು ಡೈಯನ್ನೇ ತಿನ್ನುತ್ತದೆ.

ಊರಿನ ಹವೆಯೂ ಈ ಗೆರೆಯಲ್ಲಿ ಸೇರಿಕೊಳ್ಳುತ್ತದೆ. ಅಹಮದಾಬಾದಿನಲ್ಲಿ 2016ರ ಮೇ 20ರಂದು 48 ಡಿಗ್ರಿ ದಾಖಲಾಯಿತು. ಅಂಥ ಮಧ್ಯಾಹ್ನ ತಗಡಿನ ಶೆಡ್ಡಿನೊಳಗೆ ಹಾಪರ್ ಕೆಳಗಿನ ಕುತ್ತಿಗೆಗೆ ಹಾಯುವ ನೀರೂ ಬಿಸಿಯಾಗಿರುತ್ತದೆ. ಆ ಕುತ್ತಿಗೆ ತಣ್ಣಗಿರಬೇಕು. ಬಿಸಿಯಾದರೆ ಕಾಳು ಅಲ್ಲೇ ಮೆತ್ತಗಾಗಿ ಅಂಟಿಕೊಂಡು, ಸ್ಕ್ರೂಗೆ ಬೀಳಬೇಕಾದ ಮಾಲು ತಡೆತಡೆದು ಬೀಳುತ್ತದೆ. ಡೈ ಹತ್ತಿರ ಗೆರೆ ಕುಣಿಯುತ್ತದೆ, ಕಾರಣ ಮೂರು ನಾಲ್ಕು ಮೀಟರ್ ಹಿಂದೆ ಇರುತ್ತದೆ. ಸೂರತ್ತಿನದು ಬೇರೆ ಕತೆ. ತಾಪಿಯ ದಡ, ಕಡಲಿನ ಸಾಮೀಪ್ಯ, ಮಳೆಗಾಲ ಬಂತೆಂದರೆ ಗೋಡೆಯೂ ಬೆವರುತ್ತದೆ. ಎಚ್‌ಡಿಪಿಇಗೆ ಕಪ್ಪು ಬಣ್ಣ ಕೊಡುವ ಕಾರ್ಬನ್ ಬ್ಲಾಕ್ ಮಾಸ್ಟರ್‌ಬ್ಯಾಚ್ ಗಾಳಿಯ ತೇವ ಹೀರುತ್ತದೆ. ಚೀಲ ಬಿಚ್ಚಿಟ್ಟು ಊಟಕ್ಕೆ ಹೋದರೆ ಸಾಕು. ಆ ತೇವ ಬ್ಯಾರಲ್ಲಿನಲ್ಲಿ ಹಬೆಯಾಗಿ ಪ್ರೆಶರನ್ನು ಚುಚ್ಚಿ ಚುಚ್ಚಿ ಎಬ್ಬಿಸುತ್ತದೆ, ಪೈಪಿನ ಒಳಮೈಯಲ್ಲಿ ಗುಳ್ಳೆ, ಗೀರು ಬಿಡುತ್ತದೆ. ಪಿವಿಸಿಗೆ ಬೆರೆಸುವ ಸುಣ್ಣದ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ತೇವ ತಗುಲಿದರೆ ಗಂಟು ಕಟ್ಟುತ್ತದೆ. ಜೋಡಿ ಸ್ಕ್ರೂ ಯಂತ್ರದಲ್ಲಿ ಹಬೆ ಎಳೆದುಹಾಕುವ ನಿರ್ವಾತದ ಕಿಂಡಿ ಸರಿಯಿದ್ದರೆ ಬಚಾವು. ಆ ಕಿಂಡಿ ಕಟ್ಟಿಕೊಂಡಿದೆಯೋ ಇಲ್ಲವೋ ಎಂದು ದಿನಕ್ಕೊಮ್ಮೆ ಇಣುಕುವವರು ಕಡಿಮೆ.

ವಡೋದರಾ ಕಡೆ ಹನಿ ನೀರಾವರಿಯ ಮಾತು ಹೆಚ್ಚು. ಗುಜರಾತಿನಲ್ಲಿ ಹನಿ, ತುಂತುರು ನೀರಾವರಿಯ ಸಬ್ಸಿಡಿ ನೋಡಿಕೊಳ್ಳಲು 2005ರಲ್ಲಿ ಶುರುವಾದ ಗುಜರಾತ್ ಗ್ರೀನ್ ರೆವಲ್ಯೂಶನ್ ಕಂಪನಿಯ ಕಚೇರಿ ಇರುವುದು ಅಲ್ಲೇ. ಹನಿ ಕೊಳವೆಯ ಗೋಡೆ ಬಹಳ ತೆಳು, ಕೆಲವು ಬಗೆಗಳಲ್ಲಿ ಅರ್ಧ ಮಿಲಿಮೀಟರಿಗೂ ಕಡಿಮೆ, ಲೈನಿನ ವೇಗ ಮಾತ್ರ ಬಹಳ ಹೆಚ್ಚು. 110ರ ಪೈಪಿನಲ್ಲಿ ಅಡಗಿಕೊಳ್ಳುವ ಅಲುಗಾಟ ಇಲ್ಲಿ ಅಡಗುವುದಿಲ್ಲ. ಹೊಲಕ್ಕೆ ಹಾಸಿ ನೀರು ಬಿಟ್ಟ ದಿನವೇ ತೆಳುವಾದ ಜಾಗದಲ್ಲಿ ಊದಿಕೊಳ್ಳುತ್ತದೆ. ಪ್ರೆಶರ್ ಕಾಯುವ ಶಿಸ್ತು ಕಲಿಯಬೇಕೆಂದು ಕೇಳುವ ಹುಡುಗರಿಗೆ ನಾನು ಹೇಳುವುದು, ಸಾಧ್ಯವಾದರೆ ಹನಿ ಕೊಳವೆಯ ಲೈನಿನಲ್ಲಿ ಒಂದು ವರ್ಷ ದುಡಿಯಿರಿ ಎಂದು.

ಪ್ರೆಶರ್ ಕಡಿಮೆ ಇದ್ದಷ್ಟೂ ಒಳ್ಳೆಯದು, ಯಂತ್ರಕ್ಕೆ ಆಯಾಸ ಇಲ್ಲ ಎಂಬ ನಂಬಿಕೆ ಅನೇಕ ಶೇಠರಲ್ಲಿದೆ. ಪಿವಿಸಿಯಲ್ಲಿ ಇದು ಅಪಾಯದ ನಂಬಿಕೆ. ಪಿವಿಸಿ ಡೈಯ ಒಳಗಿನ ಪಿನ್ ಗಾಳಿಯಲ್ಲಿ ನಿಲ್ಲುವುದಿಲ್ಲ. ಅದನ್ನು ಸ್ಪೈಡರ್ ಎಂಬ ಕಾಲುಗಳು ಹಿಡಿದಿರುತ್ತವೆ. ಹರಿದು ಬರುವ ಮಾಲು ಆ ಕಾಲುಗಳ ಹತ್ತಿರ ಸೀಳಿಕೊಂಡು, ದಾಟಿದ ಮೇಲೆ ಮತ್ತೆ ಕೂಡಬೇಕು. ಕೂಡಿಸುವುದು ಒತ್ತಡ, ಬಿಸಿ ಮತ್ತು ಸಮಯ. ಪಿವಿಸಿ ಬೇರೆ ಪ್ಲಾಸ್ಟಿಕ್ಕುಗಳ ಹಾಗೆ ಪೂರ್ತಿ ಕರಗುವ ಮಾಲಲ್ಲ, ಕಣಕ್ಕೆ ಕಣ ಬೆಸೆದುಕೊಳ್ಳುವ ಮಾಲು. ಒತ್ತಡ ಸಾಲದಿದ್ದರೆ ಆ ಬೆಸುಗೆ ಅರೆಬರೆಯಾಗಿ, ಪೈಪಿನ ಉದ್ದಕ್ಕೂ ಕಣ್ಣಿಗೆ ಕಾಣದ ದುರ್ಬಲ ಗೆರೆಗಳು ಉಳಿಯುತ್ತವೆ. ಒಳಗಿನ ನೀರಿನ ಒತ್ತಡ ಪೈಪನ್ನು ಸುತ್ತಳತೆಯಲ್ಲಿ ಬಿಗಿಯುವ ಬಲ, ಉದ್ದಕ್ಕೆ ಎಳೆಯುವ ಬಲದ ಎರಡರಷ್ಟು ಇರುತ್ತದೆ. ಹಾಗಾಗಿ ಯಾವ ಪೈಪೇ ಆದರೂ ಒಡೆದರೆ ಉದ್ದಕ್ಕೇ ಸೀಳುವುದು ಹೆಚ್ಚು. ಸ್ಪೈಡರ್ ಗೆರೆ ಇದ್ದರಂತೂ ಸೀಳಿಗೆ ಸಿದ್ಧದಾರಿ ಸಿಕ್ಕ ಹಾಗೆ. ಎಚ್‌ಡಿಪಿಇ ಪೈಪಿಗೆ ಸುರುಳಿ ಕಾಲುವೆಯ ಡೈ ಬಳಸುವುದೇ ಈ ಗೆರೆಗಳನ್ನು ಒಂದರ ಮೇಲೊಂದು ಹರಡಿ ಅಳಿಸಿಬಿಡಲು.

ಮಿಕ್ಸಿಂಗ್ ಬದಲಾದರೂ ಈ ಬೆಸುಗೆ ಏರುಪೇರಾಗುತ್ತದೆ. ಮೇಣದಂಥ ಲೂಬ್ರಿಕೆಂಟ್ ಜಾಸ್ತಿ ಸುರಿದರೆ ಮಾಲು ಗೋಡೆಗೆ ಜಾರಿ ಪ್ರೆಶರ್ ಚೆನ್ನಾಗಿ ಇಳಿಯುತ್ತದೆ, ಬೆಸುಗೆಯೂ ಇಳಿಯುತ್ತದೆ. ಸುಣ್ಣದ ಪುಡಿ ಜಾಸ್ತಿಯಾದರೆ ಪ್ರೆಶರ್ ಏರುತ್ತದೆ, ಸ್ಕ್ರೂ ಸವೆಯುತ್ತದೆ, ಪೈಪು ಪೆಡಸಾಗುತ್ತದೆ. 2021ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಪಿವಿಸಿ ಪೈಪುಗಳಲ್ಲಿ ಸೀಸದ ಸ್ಟೆಬಿಲೈಜರಿಗೆ ಕಡಿವಾಣ ಹಾಕುವ ನಿಯಮ ತಂದಿತು. ಕುಡಿಯುವ ನೀರಿನ ದೃಷ್ಟಿಯಿಂದ ಬರಲೇಬೇಕಿದ್ದ ನಿಯಮ, ಬಂದದ್ದು ತಡವಾಗಿ. ಆದರೆ ಸೀಸದ ಜಾಗಕ್ಕೆ ಕ್ಯಾಲ್ಸಿಯಂ-ಸತು ಬಂದಾಗ ಮಾಲು ಬೆಸೆಯುವ ಹೊತ್ತು, ಜಾರುವ ಗುಣ ಎಲ್ಲ ಬದಲಾಗುತ್ತದೆ. ಹಳೆಯ ತಾಪಮಾನದ ಚೀಟಿಯನ್ನೇ ಪ್ಯಾನಲ್ಲಿಗೆ ಅಂಟಿಸಿಕೊಂಡು ಹೊಸ ಮಾಲು ಓಡಿಸಿದರೆ ಮುಳ್ಳು ಯಾಕೆ ಕುಣಿಯುವುದಿಲ್ಲ ಹೇಳಿ?

ಒತ್ತಡ ಪೈಪನ್ನಲ್ಲದೆ ಮನುಷ್ಯರನ್ನೂ ಮುರಿಯಬಲ್ಲದು ಎಂಬುದಕ್ಕೆ ಗುಜರಾತಿನ ಕ್ಯಾಲೆಂಡರಿನಲ್ಲೇ ಒಂದು ದಿನ ಇದೆ: ಲಾಭ ಪಂಚಮಿ. ದೀಪಾವಳಿಗೆ ಮುಚ್ಚಿದ ಅಂಗಡಿ, ಕಾರ್ಖಾನೆಗಳು ಆವತ್ತು ಮುಹೂರ್ತ ನೋಡಿ ಬಾಗಿಲು ತೆರೆಯುತ್ತವೆ. ಶೇಠರು ಮನೆಮಂದಿಯೊಡನೆ ಬಂದು ಯಂತ್ರಕ್ಕೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, "ಚಾಲೂ ಕರೋ ಭಾಯಿ" ಎನ್ನುತ್ತಾರೆ. ರಜೆಯಲ್ಲಿ ಸಂಪೂರ್ಣ ತಣ್ಣಗಾದ ಡೈಯೊಳಗೆ ಹಳೆಯ ಎಚ್‌ಡಿಪಿಇ ಕಲ್ಲಿನಂತೆ ಕೂತಿರುತ್ತದೆ. ಹೀಟರಿನ ಅಂಕಿ 200 ತೋರಿಸಿದ ಮಾತ್ರಕ್ಕೆ ದಪ್ಪ ಉಕ್ಕಿನ ನಡುವಿನ ಮಾಲು ಕರಗಿರುವುದಿಲ್ಲ. ದೊಡ್ಡ ಡೈಗಳಿಗೆ ಗಂಟೆಗಟ್ಟಲೆ ಬಿಸಿ ಹಿಡಿಯಬೇಕು. ಮುಹೂರ್ತ ಮೀರುತ್ತದೆ ಎಂದು ಸ್ಕ್ರೂ ತಿರುಗಿಸಿದರೆ ಮುಂದೆ ದಾರಿಯಿಲ್ಲದ ಒತ್ತಡ ಕ್ಷಣಗಳಲ್ಲಿ ಏರುತ್ತದೆ. ಅಡಾಪ್ಟರಿನ ಬೋಲ್ಟು ಕತ್ತರಿಸಿ ಡೈ ಹಾರಬಹುದು, ಬಿಸಿ ಮಾಲು ಎದುರಿಗಿದ್ದವರ ಮೈಮೇಲೆ ಎರಚಬಹುದು. ಸಚಿನ್‌ನ ಒಂದು ಕಾರ್ಖಾನೆಯ ಮ್ಯಾನೇಜರ್ ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿತು. ಹಿಂದಿನ ರಾತ್ರಿಯೇ ಹೀಟರ್ ಹಾಕಿ, ನಸುಕಿನಲ್ಲಿ ನಿಧಾನ ವೇಗದಲ್ಲಿ ಮಾಲು ಹಾಯಿಸಿ, ಎಲ್ಲ ಸರಿಯಿದೆ ಎಂದು ಖಾತ್ರಿ ಮಾಡಿಕೊಂಡು ಯಂತ್ರ ನಿಲ್ಲಿಸುತ್ತಿದ್ದರು. ಹೀಟರ್ ಆರಿಸುತ್ತಿರಲಿಲ್ಲ. ಮುಹೂರ್ತಕ್ಕೆ ಶೇಠಾಣಿ ಗುಂಡಿ ಒತ್ತಿದಾಗ ಪೈಪು ಮರ್ಯಾದೆಯಿಂದ ಹೊರಬರುತ್ತಿತ್ತು. ಈ ಉಪಾಯ ಎಚ್‌ಡಿಪಿಇ ಲೈನಿಗೆ ಮಾತ್ರ. ಪಿವಿಸಿಯನ್ನು ಹಾಗೆ ಬಿಸಿಯಲ್ಲಿ ನಿಲ್ಲಿಸಿಟ್ಟರೆ ಸುಟ್ಟುಹೋಗುತ್ತದೆ. ಅದನ್ನು ರಜೆಗೆ ಮುನ್ನವೇ ಬೇರೆ ಮಾಲು ಹಾಯಿಸಿ ತೊಳೆದಿಡಬೇಕು. ಯಾವ ಮಾಲೇ ಇರಲಿ, ಚಾಲೂ ಮಾಡುವ ಹೊತ್ತಿನಲ್ಲಿ ಡೈ ಎದುರು ನಿಂತು ಫೋಟೊ ತೆಗೆಸಿಕೊಳ್ಳಬಾರದು. ಇಂತಿಷ್ಟು ಎಂಬ ಮಿತಿ ದಾಟಿದರೆ ಒಡೆದು ಒತ್ತಡ ಬಿಡುವ ರಪ್ಚರ್ ಡಿಸ್ಕ್ ಎಂಬ ಬಿಲ್ಲೆ, ಮಿತಿ ಮೀರಿದರೆ ಸ್ಕ್ರೂ ತಾನೇ ನಿಲ್ಲುವ ಏರ್ಪಾಡು, ಎರಡೂ ಇರಲೇಬೇಕು. ಒಡೆದ ಬಿಲ್ಲೆಯ ಜಾಗಕ್ಕೆ ಬೋಲ್ಟು ತಿರುಪಿ ಮುಚ್ಚಿದ್ದನ್ನು ನಾನು ಕಂಡಿದ್ದೇನೆ. ಅದಕ್ಕೆ ಹೆಚ್ಚಿನ ವಿವರಣೆ ಬೇಡ.

ಅಳೆಯುವ ಸಾಧನದ ಅವಸ್ಥೆಯೂ ಅಷ್ಟೇ. ಸೆನ್ಸರಿನ ತುದಿಯಲ್ಲಿ ಕಾಗದದಷ್ಟು ತೆಳುವಾದ ಲೋಹದ ಪೊರೆ ಇರುತ್ತದೆ. ಡೈ ತಣ್ಣಗಿರುವಾಗ ಅದನ್ನು ಬಿಚ್ಚಲು ಹೋದರೆ, ಅಂಟಿದ ಪ್ಲಾಸ್ಟಿಕ್ ಪೊರೆಯನ್ನೇ ಕಿತ್ತುಕೊಳ್ಳುತ್ತದೆ. ಬಿಸಿಯಿದ್ದಾಗ, ಒತ್ತಡ ಇಲ್ಲದಾಗ ಬಿಚ್ಚಬೇಕು. ಸೊನ್ನೆ ಕೂಡಿಸುವುದೂ ಆಗಲೇ. ಇಷ್ಟು ಹೇಳಿಕೊಡದೆ ಸೆನ್ಸರ್ ಹಾಳಾಗಿ, ದುಬಾರಿ ಎಂದು ಹೊಸದು ತರಿಸದೆ, ಪರದೆಯಲ್ಲಿ ತಿಂಗಳುಗಟ್ಟಲೆ ಒಂದೇ ಅಂಕಿ ನಿಂತಿರುವ ಪ್ಯಾನಲ್ಲುಗಳು ಎಷ್ಟೋ. ಹಾಳಾದ ಸೆನ್ಸರ್ ಎಂದೂ ಕುಣಿಯುವುದಿಲ್ಲವಾದ್ದರಿಂದ ಎಲ್ಲರೂ ನೆಮ್ಮದಿಯಿಂದಿರುತ್ತಾರೆ! ಜಾಲರಿಯ ಹಿಂದೊಂದು ಮುಂದೊಂದು ಸೆನ್ಸರ್ ಇದ್ದರೆ ಇನ್ನೂ ಉತ್ತಮ. ಎರಡರ ಅಂತರ ನೋಡಿಯೇ ಜಾಲರಿ ಬದಲಿಸುವ ಹೊತ್ತು ತಿಳಿಯುತ್ತದೆ.

ಇದಕ್ಕೆಲ್ಲ ಒಂದೇ ಯಂತ್ರ ತಂದು ಮುಗಿಸಬಹುದೇ ಎಂದು ಕೇಳುವವರಿದ್ದಾರೆ. ಡೈಗೆ ಮುಂಚೆ ಗೇರ್ ಪಂಪ್ ಕೂಡಿಸಿದರೆ ಒತ್ತಡ ಸ್ಥಿರವಾಗುತ್ತದೆ ನಿಜ. ಶೀಟ್, ಫಿಲ್ಮ್ ಮಾಡುವವರು ಬಳಸುತ್ತಾರೆ. ಸುಣ್ಣ ಬೆರೆಸಿದ, ಬಿಸಿ ತಾಳದ ಪಿವಿಸಿಗೆ ಅದು ಹೊಂದದು. ನನ್ನ ಮಟ್ಟಿಗೆ, ಹಣ ಹಾಕುವುದಿದ್ದರೆ ತೂಗಿ ಉಣಿಸುವ ಫೀಡರಿಗೆ ಹಾಕಬೇಕು. ಹಾಪರಿನಿಂದ ಕ್ಷಣಕ್ಷಣಕ್ಕೂ ಎಷ್ಟು ಮಾಲು ಇಳಿಯುತ್ತಿದೆ ಎಂದು ತೂಗಿ, ಸ್ಕ್ರೂ ವೇಗ, ಎಳೆಯುವ ವೇಗ ಎರಡನ್ನೂ ಅದಕ್ಕೆ ಹೊಂದಿಸಿ, ಮೀಟರಿಗೆ ಇಷ್ಟು ಗ್ರಾಂ ಎಂದು ಕಾಯುವ ಏರ್ಪಾಡು ಅದು. ಮೇಲೆ ಹೇಳಿದ ಶೇ. 3ರ ಉಳಿತಾಯ ಸಿಕ್ಕರೆ ಅದರ ಬೆಲೆ ಬಹುಕಾಲ ಹೊರೆಯಾಗುವುದಿಲ್ಲ. ಅಷ್ಟು ಶಕ್ತಿಯಿಲ್ಲದ ಸಣ್ಣ ಶೆಡ್ಡಿನವರಿಗೆ ಒಂದು ಅಗ್ಗದ ದಾರಿಯಿದೆ. ಪ್ರೆಶರ್, ಆಂಪ್, ಮಾಲಿನ ತಾಪಮಾನ, ಒಂದು ಉದ್ದದ ತೂಕ, ಈ ನಾಲ್ಕನ್ನು ಅರ್ಧ ಗಂಟೆಗೊಮ್ಮೆ ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ತಿಂಗಳು ಬರೆದರೆ ಆ ಯಂತ್ರದ ಸ್ವಭಾವ ಕೈಗೆ ಬರುತ್ತದೆ.

ಇನ್ನು ಕೊಳ್ಳುವವರ ಮಾತು. ರೈತರು ಅಂಗಡಿಯಲ್ಲಿ ಮಾಡಬಹುದಾದದ್ದು ಇಷ್ಟು: ಪೈಪಿನ ಮೇಲೆ ಐಎಸ್ ಸಂಖ್ಯೆ, ಲೈಸೆನ್ಸ್ ಸಂಖ್ಯೆ, ಕ್ಲಾಸು ಅಚ್ಚಾಗಿದೆಯೇ ನೋಡಿ, ಲೈಸೆನ್ಸ್ ಸಂಖ್ಯೆಯನ್ನು ಬಿಐಎಸ್‌ನ ಮೊಬೈಲ್ ಆ್ಯಪಿನಲ್ಲಿ ತಾಳೆ ನೋಡುವುದು, ಒಂದೇ ಬ್ಯಾಚಿನ ಮೂರು ನಾಲ್ಕು ಉದ್ದಗಳನ್ನು ಗೊಬ್ಬರದಂಗಡಿಯ ತಕ್ಕಡಿಗೆ ಹಾಕಿಸಿ ತೂಕ ಹೋಲಿಸುವುದು. ಒಂದಕ್ಕೊಂದು ನೂರಿನ್ನೂರು ಗ್ರಾಂ ಆಚೀಚೆ ಇದ್ದರೆ ಬಿಡಿ, ಅರ್ಧ ಕಿಲೋ ದಾಟಿದರೆ ಆ ಲೈನಿನಲ್ಲಿ ಮುಳ್ಳು ಕುಣಿದಿದೆ. ದೊಡ್ಡ ಖರೀದಿಗಳ ವಿಷಯದಲ್ಲಿ ನನಗೊಂದು ಆಸೆಯಿದೆ. 2019ರಲ್ಲಿ ಜಲ ಜೀವನ್ ಮಿಷನ್ ಶುರುವಾದ ಮೇಲೆ ಹಳ್ಳಿ ಹಳ್ಳಿಗೆ ಪೈಪು ಹೋಗಿದೆ. ಪರಿಶೀಲನೆಗೆಂದು ಕಾರ್ಖಾನೆಗೆ ಹೋಗುವ ಎಂಜಿನಿಯರುಗಳು ಉದ್ದ ಅಳೆಯುತ್ತಾರೆ, ದಪ್ಪ ಅಳೆಯುತ್ತಾರೆ, ಆರಿಸಿಟ್ಟ ಕೆಲವು ತುಂಡುಗಳಿಗೆ ನೀರಿನ ಒತ್ತಡ ಕೊಟ್ಟು ನೋಡಿ ಸಹಿ ಹಾಕುತ್ತಾರೆ. ಆ ಬ್ಯಾಚ್ ಓಡಿದ ದಿನದ ಪ್ರೆಶರ್ ಗೆರೆಯ ಪ್ರತಿ ಕೊಡಿ ಎಂದು ಕೇಳಲು ಖರ್ಚಿಲ್ಲ. ಹೊಸ ಪ್ಯಾನಲ್ಲುಗಳಲ್ಲಿ ಅದು ತಾನಾಗಿಯೇ ಉಳಿದಿರುತ್ತದೆ. ಮುಂದಿನ ಟೆಂಡರಿನಲ್ಲಿ ಈ ಒಂದು ಸಾಲು ಸೇರಿಸಲು ಯಾವ ತಾಲ್ಲೂಕಿನವರು ಮೊದಲು ಮುಂದಾಗುತ್ತಾರೋ ನೋಡಬೇಕು.